ಸ್ಕೌಟ್ ಶಿಬಿರದ ಹಳೆ ಕಾಗದ ಕಾಯುವ ಬಗೆ

ಶಿಬಿರದ ಇತಿಹಾಸ ಬರೆಯಲು ಹೊರಟವರು ಮೊದಲು ಹುಡುಕುವುದು ಗ್ರೂಪ್ ಫೋಟೋ, ಆಮೇಲೆ ಪ್ರಮಾಣಪತ್ರ. ನಾನು ಮೊದಲು ಕೇಳುವುದು ಕಿರಾಣಿ ಚೀಟಿ. ಪ್ರಮಾಣಪತ್ರದಲ್ಲಿ ಹೆಸರೊಂದು ಬಿಟ್ಟರೆ ಉಳಿದ ಸಾಲೆಲ್ಲ ಎಲ್ಲರದೂ ಒಂದೇ. ಆ ಬೇಸಿಗೆ ಹುಡುಗರು ಏನು ಉಂಡರು, ಎಷ್ಟು ಜನಕ್ಕೆ ಅಡಿಗೆಯಾಯಿತು, ಜೋಳ ಮನೆಯಿಂದ ಬಂತೋ ಅಂಗಡಿಯಿಂದ ಬಂತೋ, ಕಂದೀಲಿಗೆ ಎಷ್ಟು ಸೀಮೆಎಣ್ಣೆ ಸುಟ್ಟಿತು ಎಂಬುದು ಸಿಗುವುದು ಆ ಮಡಚಿದ ಚೀಟಿಯಲ್ಲಿ.

ನಾನು ಬೀದರಿನಲ್ಲೇ ಸ್ಕೌಟ್ ಆಗಿದ್ದವನು. ನೌಕರಿಯ ಬಹುಪಾಲು ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಳೆಯಿತು. ನಿವೃತ್ತನಾದ ಮೇಲೆ ನಾನು ಓದಿದ ಶಾಲೆಯ ದಳದ ಬೇಸಿಗೆ ಶಿಬಿರಗಳ ಕಾಗದ ಕೂಡಿಸುತ್ತಿದ್ದೇನೆ. ಭಾಲ್ಕಿ, ಹುಮನಾಬಾದ್, ಚಿತ್ತಾಪುರ, ಸುರಪುರದ ಕಡೆ ಇದೇ ಕೆಲಸಕ್ಕೆ ಕೈಹಾಕುವ ಮಾಸ್ತರರಿಗೂ ಹಳೆ ಸ್ಕೌಟುಗಳಿಗೂ ದಾರಿ ಸುಲಭವಾಗಲಿ ಎಂದು ಬರೆಯುತ್ತಿದ್ದೇನೆ.

ಎಲ್ಲಿ ಹುಡುಕಬೇಕು

ಶಾಲೆಯ ಕಚೇರಿಯಲ್ಲಿ ಹೆಚ್ಚಿಗೆ ಸಿಗುವುದಿಲ್ಲ. ಮುರಿದ ಬೆಂಚು ಒಟ್ಟಿದ ಕೋಣೆ ನೋಡಿ, ಆಮೇಲೆ ನಿವೃತ್ತ ಸ್ಕೌಟ್ ಮಾಸ್ತರರ ಮನೆಗೆ ಹೋಗಿ. ಅವರು ತೀರಿಕೊಂಡಿದ್ದರೆ ಮನೆಯವರನ್ನು ಕಾಣಿ. ಶಿಬಿರಕ್ಕೆ ಅಡಿಗೆ ಮಾಡಿಕೊಡುತ್ತಿದ್ದವರ ಮಕ್ಕಳು, ಟೆಂಟು, ದರಿ ಬಾಡಿಗೆ ಕೊಡುತ್ತಿದ್ದ ಅಂಗಡಿ, ಊರಿನ ಹಳೆ ಫೋಟೋ ಸ್ಟುಡಿಯೋ, ಇವೂ ಪಟ್ಟಿಯಲ್ಲಿರಲಿ. ಸ್ಟುಡಿಯೋದವರು ಎಷ್ಟೋ ವರ್ಷದ ನೆಗೆಟಿವ್ ಇಟ್ಟಿರುತ್ತಾರೆ. ಅಂಗಡಿ ಮುಚ್ಚುವ ಮುಂಚೆ ಹೋಗಬೇಕು.

ಕೇಳುವ ರೀತಿ ಮುಖ್ಯ. "ದಾಖಲೆ ಇವೆಯೇ" ಎಂದರೆ ಜನ ಇಲ್ಲ ಎನ್ನುತ್ತಾರೆ. "ಟ್ರಂಕಿನ್ಯಾಗ ಸರ್ ಅವರ ಕ್ಯಾಂಪಿನ ಸಾಮಾನು ಏನರ ಉಳದಾವೇನ್ರಿ ಅಕ್ಕಾರೆ?" ಎಂದು ಕೇಳಿ. "ಅಯ್ಯ, ಎಲ್ಲಾ ರದ್ದಿ ಅದ ರೀ ಅಣ್ಣಾರ" ಎಂಬ ಉತ್ತರ ಬಂದರೆ ನಿಮಗೆ ಬೇಕಾದದ್ದು ಅಲ್ಲೇ ಇದೆ. ಯುಗಾದಿ ಮತ್ತು ದೀಪಾವಳಿಯ ಮುಂಚೆ ಮನೆ ಸಾರಿಸಿ ಬಳಿಯುವಾಗ ಹಳೆ ಕಾಗದ ರದ್ದಿಗೆ ಹೋಗುತ್ತದೆ. ಅದಕ್ಕೆ ತಿಂಗಳು ಮೊದಲೇ ಆ ಮನೆಗಳಿಗೆ ಹೋಗಿ ಬನ್ನಿ.

ಕಾಗದ ಕೊಟ್ಟವರಿಗೆ ಅಲ್ಲೇ ಕೂತು ಒಂದು ಬರಹ ಕೊಡಿ: ಏನೇನು ತೆಗೆದುಕೊಂಡಿರಿ, ದಾನವೋ, ನಕಲು ಮಾಡಿ ಹಿಂದಿರುಗಿಸುವುದೋ, ತಾರೀಖು, ಇಬ್ಬರ ಸಹಿ. ವಿಶ್ವಾಸದ ಮೇಲೆ ಒಯ್ದ ಎಷ್ಟೋ ಫೋಟೋ ಹಿಂದಿರುಗದೆ ಮನಸ್ತಾಪವಾಗಿದೆ. ಆಮೇಲೆ ಆ ಮನೆಯವರು ಯಾರಿಗೂ ಏನೂ ಕೊಡುವುದಿಲ್ಲ.

ಮೊದಲ ದಿನ ಏನನ್ನೂ ಹೊಂದಿಸಬೇಡಿ

ಟ್ರಂಕು ತೆರೆದ ಕೂಡಲೇ ಫೋಟೋ ಒಂದು ಕಡೆ, ಪತ್ರ ಒಂದು ಕಡೆ, ಲೆಕ್ಕ ಒಂದು ಕಡೆ ಎಂದು ಬೇರೆ ಮಾಡುವ ಆಸೆಯಾಗುತ್ತದೆ. ತಡೆಯಿರಿ. ತೆರೆದಾಗ ಹೇಗಿತ್ತೋ ಹಾಗೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪ್ರತಿ ಪದರ ತೆಗೆದ ಮೇಲೂ ಒಂದು ಚಿತ್ರ. ಒಂದು ಪೆಟ್ರೋಲಿನ (ದಳದೊಳಗಿನ ಹುಡುಗರ ಸಣ್ಣ ತಂಡದ) ಲಾಗ್ ಬುಕ್ಕಿನಲ್ಲಿ ಎರಡನೆಯ ದಿನದ ಪುಟದ ನಡುವೆ ತಾರೀಖಿಲ್ಲದ ಒಂದು ಚೀಟಿ ನನಗೆ ಸಿಕ್ಕಿತು: ಶೇಂಗಾ, ಬೆಲ್ಲ, ಮಂಡಕ್ಕಿ, ಎರಡು ಕಟ್ಟು ಪುಂಡಿಪಲ್ಯ. ಅದನ್ನು ಎತ್ತಿ "ಲೆಕ್ಕಪತ್ರ" ಎಂಬ ಫೈಲಿಗೆ ಹಾಕಿದ್ದರೆ ಅದು ಯಾವ ವರ್ಷದ್ದೆಂದು ಹೇಳಲು ಆಧಾರವೇ ಇರುತ್ತಿರಲಿಲ್ಲ. ಪುಟದ ನಡುವೆ ಇದ್ದುದರಿಂದ ಅದು ಆ ಪೆಟ್ರೋಲಿನ ಹೈಕ್ ದಿನದ ಬುತ್ತಿ ಎಂದು ತಿಳಿಯಿತು. ರೆಕಾರ್ಡ್ ರೂಮಿನಲ್ಲಿ ಕಲಿತ ಪಾಠ ಇದು: ಯಾವ ಬಸ್ತಾದಲ್ಲಿ (ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟಿನಲ್ಲಿ) ಬಂತೋ ಆ ಬಸ್ತಾದಲ್ಲೇ ಇರಬೇಕು. ಪ್ರತಿ ಕಾಗದದ ಹಿಂದೆ, ಕೆಳಗಿನ ಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಸಣ್ಣಗೆ ಕ್ರಮಸಂಖ್ಯೆ ಹಾಕಿ. ಬಾಲ್ ಪೆನ್ ಬೇಡ, ರಬ್ಬರ್ ಸ್ಟಾಂಪ್ ಬೇಡ. ಫೋಟೋ ಆದರೆ ಸಂಖ್ಯೆ ಅದರ ಲಕೋಟೆಯ ಮೇಲೆ ಬರೆಯಿರಿ.

ಬೀದರಿನ ಕಾಗದದ ಮೇಲೆ ಕೆಂಪು ಧೂಳು ಇದ್ದೇ ಇರುತ್ತದೆ. ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ. ಅದರ ಧೂಳು ಉರುಟು. ಬಟ್ಟೆಯಿಂದ ತಿಕ್ಕಿದರೆ ಅಕ್ಷರವೂ ಸವೆಯುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಸರಿಸಿ. ಒದ್ದೆ ಬಟ್ಟೆ ಹತ್ತಿರಕ್ಕೂ ತರಬೇಡಿ: ಹಳೆಯ ಲೆಕ್ಕಗಳನ್ನು ಬರೆಯುತ್ತಿದ್ದ ಒಂದು ಬಗೆಯ ಪೆನ್ಸಿಲ್ ನೀರು ತಾಗಿದರೆ ನೇರಳೆಯಾಗಿ ಹರಡುತ್ತದೆ. ತುಕ್ಕು ಹಿಡಿದ ಟಾಚಣಿ, ಸ್ಟೇಪಲ್ ಪಿನ್ನುಗಳನ್ನು ಎಳೆಯದೆ, ಹಿಂದಿನಿಂದ ಕಾಲು ಬಿಡಿಸಿ ತೆಗೆಯಿರಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿದರೆ ಬಿಡಿಸಲು ಆಗದು. ಗೌರವದಿಂದಲೇ ಲ್ಯಾಮಿನೇಶನ್ ಮಾಡಿಸಿಕೊಂಡು ಬರುವವರನ್ನು ಕಂಡಾಗ ನನಗೆ ತುಂಬ ನೋವಾಗುತ್ತದೆ.

ತಾರೀಖಿಲ್ಲದ ಕಾಗದಕ್ಕೆ ವರ್ಷ ಹಚ್ಚುವುದು

ಈ ಕೆಲಸದಲ್ಲಿ ನಮ್ಮ ಭಾಗದಷ್ಟು ಸುಳಿವು ಕೊಡುವ ಕಾಗದ ಬೇರೆ ಕಡೆ ಸಿಗುವುದು ಕಡಿಮೆ, ಯಾಕೆಂದರೆ ಇಲ್ಲಿ ಸರಕಾರ, ಭಾಷೆ, ನಾಣ್ಯ, ತೂಕ, ಪಂಚಾಂಗ ಎಲ್ಲವೂ ಒಂದೇ ತಲೆಮಾರಿನಲ್ಲಿ ಬದಲಾದವು.

ಮೊದಲು ಮೊಹರು ನೋಡಿ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯ. ಅಲ್ಲಿಂದ 1973ರ ನವೆಂಬರ್ 1ರವರೆಗೆ ಮೈಸೂರು ರಾಜ್ಯ. ಆಮೇಲೆ ಕರ್ನಾಟಕ. ಕಲಬುರಗಿಯ ಮೊಹರು 2014ರವರೆಗೆ ಗುಲಬರ್ಗಾ ಎಂದೇ ಇರುತ್ತದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನ ಯಾದಗಿರಿ, ಶಹಾಪುರ, ಸುರಪುರದ ಹುಡುಗರ ಹೆಸರು ಗುಲಬರ್ಗಾ ಜಿಲ್ಲೆಯ ಪಟ್ಟಿಯಲ್ಲಿ ಹುಡುಕಬೇಕು. ಬೀದರಿನದು ಇನ್ನೂ ದೊಡ್ಡ ಬದಲಾವಣೆ: 1956ಕ್ಕೆ ಮುಂಚೆ ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲ ಬೀದರ ಜಿಲ್ಲೆಯಲ್ಲೇ ಇದ್ದವು. ಜಿಲ್ಲಾ ಶಿಬಿರದ ಹಾಜರಿಯಲ್ಲಿ ಭಾಲ್ಕಿಯ ಹುಡುಗನ ಪಕ್ಕದಲ್ಲಿ ಉದಗೀರದ ಹುಡುಗನಿದ್ದರೆ ಕಾಗದ ಆ ಕಾಲದ್ದಾಗಿರಬಹುದು. ಅಂಥ ಪಟ್ಟಿ ಸಿಕ್ಕರೆ ಅದರ ಇನ್ನರ್ಧ ಕತೆ ಈಗ ಮಹಾರಾಷ್ಟ್ರದಲ್ಲೋ ತೆಲಂಗಾಣದಲ್ಲೋ ಇರುತ್ತದೆ. ಅಲ್ಲಿಗೂ ಪತ್ರ ಬರೆಯಿರಿ.

ಸಂಸ್ಥೆಯ ಹೆಸರೂ ವರ್ಷ ಹೇಳುತ್ತದೆ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು, ಆದರೆ ಆಗ ಭಾರತೀಯ ಹುಡುಗರಿಗೆ ಪ್ರವೇಶ ಇರಲಿಲ್ಲ. ಮುಂದೆ ಬೇರೆ ಬೇರೆ ಸಂಘಗಳು ಹುಟ್ಟಿ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿ ಒಂದಾದವು; ಬಾಲಕಿಯರ ಗೈಡ್ ಸಂಘ ಮರುವರ್ಷ ಸೇರಿತು. ಆದ್ದರಿಂದ ಬಾಯ್ ಸ್ಕೌಟ್ಸ್ ಅಸೋಸಿಯೇಶನ್ ಅಥವಾ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಶನ್ ಎಂಬ ಹೆಸರು ಕಂಡರೆ ಆ ಕಾಗದವನ್ನು ಎರಡು ಪಟ್ಟು ಜೋಪಾನ ಮಾಡಿ.

ನಿಜಾಮನ ಕಾಲದ, ಅಂದರೆ 1948ಕ್ಕಿಂತ ಹಿಂದಿನ ಕಾಗದ ಬಹುತೇಕ ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿ ಎಂಬ ಆಗಿನ ಸರಕಾರಿ ಲೆಕ್ಕದಲ್ಲಿರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜರ್ ತಿಂಗಳಿಂದ ಶುರು. ಬೇಸಿಗೆ ಶಿಬಿರದ ಕಾಗದಕ್ಕೆ ಲೆಕ್ಕ ಸುಲಭ: ಫಸಲಿಗೆ 591 ಕೂಡಿಸಿ. ಖುರ್ದಾದ್ 1350 ಎಂದಿದ್ದರೆ 1941ರ ಏಪ್ರಿಲ್ ಆಸುಪಾಸು. ಅಕ್ಟೋಬರಿನಿಂದ ಡಿಸೆಂಬರ್ ಒಳಗಿನದಾದರೆ 590 ಕೂಡಿಸಿದರೆ ಸಾಕು.

ಇನ್ನು ದುಡ್ಡು. ಹಾಲಿ, ಕಲದಾರ್ ಎಂಬ ಎರಡು ಕಾಲಂ ಇದ್ದರೆ ಅದು ನಿಜಾಮನ ನಾಣ್ಯವೂ ಬ್ರಿಟಿಷ್ ರೂಪಾಯಿಯೂ ಜೊತೆಗೆ ಓಡುತ್ತಿದ್ದ ಕಾಲ. ಸುಮಾರು ಏಳು ಹಾಲಿಗೆ ಆರು ಕಲದಾರ್. ಬೆಲೆ ಹೋಲಿಸುವಾಗ ಇದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಆಣೆ, ಪೈ ಇದ್ದರೆ ಬಹುತೇಕ 1957ರ ಏಪ್ರಿಲ್‌ಗೆ ಹಿಂದಿನದು. ಆದರೂ ಹಳೆ ಅಂಗಡಿಕಾರರು ಆಮೇಲೆಯೂ ಕೆಲಕಾಲ ಆಣೆಯಲ್ಲೇ ಬರೆದರು, ಹಾಗಾಗಿ ಇದೊಂದನ್ನೇ ನಂಬಬೇಡಿ. "ನಯೇ ಪೈಸೆ" ಎಂದಿದ್ದರೆ 1957ರಿಂದ 1964ರ ನಡುವಿನದು. ಸೇರು, ತೊಲೆ ಎಂಬ ಹಳೆ ತೂಕ ಇದೆಯೋ ಆಮೇಲೆ ಬಂದ ಕಿಲೋ ಇದೆಯೋ ನೋಡಿ. ಪೋಸ್ಟ್ ಕಾರ್ಡಿನ ವಿಳಾಸದಲ್ಲಿ 585401 ಎಂದು ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಎರಡು ಸುಳಿವು ಒಂದನ್ನೊಂದು ಒಪ್ಪಿದಾಗ ಮಾತ್ರ ವರ್ಷ ಬರೆಯಿರಿ, ಯಾವ ಆಧಾರದಿಂದ ಬರೆದಿರಿ ಎಂಬುದನ್ನೂ ಜೊತೆಗೇ ಬರೆಯಿರಿ.

ಹಿರಿಯರ ಎದುರು ಕಾಗದ ಇಟ್ಟು ಕೇಳಿ

ಬರಿಗೈಯಲ್ಲಿ ಹೋಗಿ "ಆಗಿನ ಶಿಬಿರ ಹೇಗಿತ್ತು ಹೇಳಿರಿ ಕಾಕಾ" ಎಂದರೆ "ಭಾಳ ಚೊಲೋ ಇತ್ತಪಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚೀಟಿ ಕೈಗೆ ಕೊಡಿ. ಪುಂಡಿಪಲ್ಯ ಎಂಬ ಒಂದು ಶಬ್ದ ಓದಿದ ಹಿರಿಯರೊಬ್ಬರು, ಮಾವಿನ ತೋಪಿನಲ್ಲಿ ಒಲೆಗೆ ಕಲ್ಲು ಹೊತ್ತದ್ದು, ರೊಟ್ಟಿ ಬಡಿಯಲು ಬಾರದೆ ಮೊದಲ ರಾತ್ರಿ ಮಂಡಕ್ಕಿ ತಿಂದು ಮಲಗಿದ್ದು, ಶಿಬಿರಾಗ್ನಿಯಲ್ಲಿ ಉರ್ದು, ಮರಾಠಿ, ಕನ್ನಡ ಮೂರರಲ್ಲೂ ಹಾಡಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಒಪ್ಪಿಗೆ ಕೇಳಿ ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಯಾವ ಸಂಖ್ಯೆಯ ಕಾಗದ ತೋರಿಸಿದಿರಿ ಎಂದು ಆ ಮುದ್ರಣದಲ್ಲೇ ಬಾಯಿಬಿಟ್ಟು ಹೇಳಿ.

ಉರ್ದು ಕಾಗದಕ್ಕೆ ಮೊಬೈಲ್ ಅನುವಾದ ನೆಚ್ಚಿಕೊಳ್ಳಬೇಡಿ. ಅವಸರದ ಕೈಬರಹವನ್ನು ಅದು ಓದಲಾರದು. ನಮ್ಮ ಊರುಗಳಲ್ಲಿ ಹಳೆ ಉರ್ದು ಕೈಬರಹ ಓದುವ ಚಾಚಾಗಳು ಇನ್ನೂ ಇದ್ದಾರೆ. ಮರಾಠಿ ವ್ಯಾಪಾರಿಗಳ ಹಳೆ ಲೆಕ್ಕ ಮೋಡಿ ಎಂಬ ಹಿಂದಿನ ಮರಾಠಿ ಕೈಬರಹದ ಲಿಪಿಯಲ್ಲಿದ್ದರೆ ಓದುವವರು ಇನ್ನೂ ವಿರಳ. ಈ ಎರಡು ಬಗೆಯ ಕಾಗದವನ್ನು ಎಲ್ಲಕ್ಕಿಂತ ಮೊದಲು ಓದಿಸಿಕೊಳ್ಳಿ.

ಲಾಗ್ ಬುಕ್ಕಿನಲ್ಲಿ ಹೈಕ್ ನಕ್ಷೆ ಇದ್ದರೆ ಅದರ ಮೇಲೆ ಒಂದು ಇಡೀ ದಿನ ಕಳೆಯಿರಿ. ಹುಡುಗರು ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸಿ ಬರೆದ ನಕ್ಷೆ ಅದು. ಕೋಟೆಯಿಂದ ಅಷ್ಟೂರಿನ ಗುಂಬಜ್‌ಗಳ ಕಡೆಗಿನ ಅಂಥದೊಂದು ನಕ್ಷೆಯಲ್ಲಿ ಬಾವಿ, ಹುಣಸೆಮರ, ಕಾಲುದಾರಿಗಳೆಲ್ಲ ಇದ್ದವು. ನಕ್ಷೆ ಹಿಡಿದು ಈಗಿನ ಸ್ಕೌಟುಗಳ ಜೊತೆ ಅದೇ ದಾರಿ ನಡೆದೆ. ಎಷ್ಟೋ ಬಾವಿ ಮುಚ್ಚಿವೆ. ಎಲ್ಲಿದ್ದವು ಎಂಬುದಕ್ಕೆ ಈಗ ನಮ್ಮ ಕೈಯಲ್ಲಿರುವ ಸಾಕ್ಷಿ ಹುಡುಗರ ಆ ಗೆರೆಗಳು.

ನಕಲು ಮತ್ತು ಇಡುವ ಜಾಗ

ಮೊಬೈಲ್ ಸಾಕು. ಕಿಟಕಿ ಬಳಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಸ್ಕ್ಯಾನ್ ಆ್ಯಪ್‌ಗಳು ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ಮಾಸಿದ ಪೆನ್ಸಿಲ್ ಗೆರೆಯನ್ನೇ ಅಳಿಸುತ್ತವೆ. ಮಾಮೂಲಿ ಬಣ್ಣದ ಫೋಟೋ ಒಳ್ಳೆಯದು. ಹಿಂಬದಿ ಖಾಲಿ ಇದ್ದರೂ ಬಿಡಬೇಡಿ. ಫೋಟೋಗಳಿಗೆ ಮಾತ್ರ ಸ್ಕ್ಯಾನರಿನಲ್ಲಿ 600 ಡಿಪಿಐ ಇಡಿ. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ಕ್ರಮಸಂಖ್ಯೆ. ವಿವರಪಟ್ಟಿಯನ್ನು ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಮಾಡಿದ ಪಟ್ಟಿ ಬೇರೆ ಕಂಪ್ಯೂಟರಿನಲ್ಲಿ ಅಕ್ಷರವೇ ಅಲ್ಲದ ಗುರುತುಗಳಾಗುತ್ತದೆ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಮೂಲ ಕಾಗದವನ್ನು ಗಂಜಿ ಹೋಗುವಂತೆ ಒಗೆದು ಒಣಗಿಸಿದ ಬಿಳಿ ಕೋರಾ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಟ್ರಂಕಿನಲ್ಲಿಡಿ. ಬಣ್ಣ ಬಿಡುವ ಬಟ್ಟೆ ಬೇಡ. ಪತ್ರಿಕೆಯ ತುಣುಕುಗಳು ಪಕ್ಕದ ಕಾಗದವನ್ನೂ ಕಂದಿಸುತ್ತವೆ, ಬೇರೆ ಇಡಿ. ಹುಳಿ ವಾಸನೆ ಬರುವ ನೆಗೆಟಿವ್‌ಗಳನ್ನು ಕೂಡಲೇ ಬೇರ್ಪಡಿಸಿ. ಟ್ರಂಕು ನೆಲಕ್ಕೆ, ಗೋಡೆಗೆ ತಾಗಬಾರದು. ಗೆದ್ದಲು ಬರುವುದು ಅಲ್ಲಿಂದಲೇ. ಬೇವಿನೆಲೆ ಹಾಕುವುದಾದರೆ ಪೂರ್ತಿ ಒಣಗಿದ್ದು, ಬಟ್ಟೆಯ ಪೊಟ್ಟಣದಲ್ಲಿ ಕಟ್ಟಿ, ಕಾಗದಕ್ಕೆ ತಾಗದ ಹಾಗೆ. ನಮ್ಮ ಬೇಸಿಗೆ ಒಣ, ಕಾಗದ ಪುಡಿಯಾಗುವಷ್ಟು. ಮಳೆ ಶುರುವಾದರೆ ಒಮ್ಮೆಲೇ ತೇವ. ಹಾಗಾಗಿ ಜೂನ್ ಕೊನೆಗೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೋಡಿ. ತೇವ ಕಂಡರೆ ನೆರಳಲ್ಲಿ ಫ್ಯಾನಿನ ಗಾಳಿಗೆ ಹರಡಿ, ಬಿಸಿಲಿಗಲ್ಲ.

ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಂ, ಕಾಯಿಲೆಯ ಟಿಪ್ಪಣಿ, ಯಾವನೋ ಹುಡುಗನಿಗೆ ಕೊಟ್ಟ ಶಿಕ್ಷೆ ಎಲ್ಲ ಇರುತ್ತವೆ. ಅವನ್ನು ಹರಿಯಬೇಡಿ, ಅಳಿಸಬೇಡಿ. ಹಾಗೆಂದು ವಾಟ್ಸಾಪಿನಲ್ಲಿ ಹಂಚಲೂ ಬೇಡಿ. ಆ ಹುಡುಗರು ಇವತ್ತು ಅದೇ ಊರಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ.

ಈ ಬೇಸಿಗೆಯ ಶಿಬಿರದಿಂದಲೇ ಒಂದು ಬಸ್ತಾ ಶುರುಮಾಡಿ. ಹಾಜರಿ, ದಿನಚರಿ, ಪಾಲಕರ ಒಪ್ಪಿಗೆ ಪತ್ರ, ಪ್ರತಿ ಪೆಟ್ರೋಲಿನ ಲಾಗ್ ಬುಕ್, ಕಿರಾಣಿ ಬಿಲ್ಲು. ಬಿಲ್ಲಿನ ಯಂತ್ರದ ಕಾಗದದ ಮೇಲಿನ ಅಕ್ಷರ ಒಂದೆರಡು ವರ್ಷದಲ್ಲೇ ಮಾಸಿಹೋಗುತ್ತದೆ, ಆದ್ದರಿಂದ ಕೂಡಲೇ ಝೆರಾಕ್ಸ್ ಮಾಡಿಸಿ. ಶಿಬಿರದ ವಾಟ್ಸಾಪ್ ಗುಂಪಿನ ಸಂದೇಶಗಳನ್ನು ಎಕ್ಸ್‌ಪೋರ್ಟ್ ಮಾಡಿ ಮುದ್ರಿಸಿ ಇಡಿ, ಮತ್ತು ಗ್ರೂಪ್ ಫೋಟೋ ತೆಗೆದ ದಿನವೇ ಎಡದಿಂದ ಬಲಕ್ಕೆ ಪ್ರತಿ ಹುಡುಗನ ಹೆಸರು ಅವನ ಕೈಯಿಂದಲೇ ಬರೆಸಿಕೊಳ್ಳಿ.