ಚಿತ್ರ ತಿದ್ದುವ ಕೆಲಸ ಕ್ಯಾಮೆರಾದಲ್ಲೇ ಮುಗಿಯಲಿ

ಪ್ರವಾಸದಿಂದ ಮರಳಿದ ಮೇಲೆ ಸಾವಿರ ಚಿತ್ರಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ತಿದ್ದುತ್ತಾ ಕೂರುವ ತಾಳ್ಮೆ ನನಗಂತೂ ಇಲ್ಲ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ ಬೆಳಕು, ಬಣ್ಣ ಹೇಗೆ ಬರಲಿವೆ ಎಂಬುದು ಕ್ಲಿಕ್ಕಿಸುವ ಮೊದಲೇ ವ್ಯೂಫೈಂಡರ್‌ನಲ್ಲಿ ಕಾಣುತ್ತದೆ. ಆಗಲೇ ಸರಿಮಾಡಿಕೊಂಡರೆ ಆಮೇಲಿನ ಕೆಲಸ ಬಹುಪಾಲು ತಪ್ಪಿತು.

ಹೊರಡುವ ಹಿಂದಿನ ರಾತ್ರಿ ದಿನಾಂಕ, ಸಮಯ ನೋಡಿಕೊಳ್ಳಿ. ಚಿತ್ರಗಳು ರಾ (ಸೆನ್ಸರ್ ಹಿಡಿದ, ಇನ್ನೂ ಸಂಸ್ಕರಿಸದ ಮಾಹಿತಿ) ಮತ್ತು ಜೆಪೆಗ್ (ಕ್ಯಾಮೆರಾವೇ ಸಿದ್ಧಪಡಿಸಿದ ಚಿತ್ರ) ಎರಡೂ ರೂಪದಲ್ಲಿ ಉಳಿಯುವಂತೆ ಇಡಿ. ಮುಂದೆ ಹೇಳುವ ಬಣ್ಣದ ಆಯ್ಕೆಗಳು ಜೆಪೆಗ್‌ಗೆ ಅಂಟಿಕೊಳ್ಳುತ್ತವೆ. ರಾ ಕಡತದಲ್ಲಿ ಅವನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಇನ್ನು ಬಣ್ಣದ ಶೈಲಿ. ಇದನ್ನು ಫ್ಯೂಜಿಫಿಲ್ಮ್ ಫಿಲ್ಮ್ ಸಿಮ್ಯುಲೇಶನ್ ಎನ್ನುತ್ತದೆ, ಕ್ಯಾನನ್ ಪಿಕ್ಚರ್ ಸ್ಟೈಲ್ ಎನ್ನುತ್ತದೆ, ನಿಕಾನ್ ಪಿಕ್ಚರ್ ಕಂಟ್ರೋಲ್ ಎನ್ನುತ್ತದೆ. ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ವಿವಿಡ್ ಇಟ್ಟರೆ ಬೆಟ್ಟದ ಹಸಿರು ಕಣ್ಣು ತುಂಬುತ್ತದೆ, ಆದರೆ ಪಕ್ಕದಲ್ಲಿ ನಿಂತವರ ಮುಖ ಬಿಸಿಲಿಗೆ ಸುಟ್ಟಂತೆ ಕೆಂಪಾಗುತ್ತದೆ. ಮುಖಗಳಿಗೆ ಸ್ಟ್ಯಾಂಡರ್ಡ್ ಅಥವಾ ಪೋರ್ಟ್ರೇಟ್ ಸಾಕು.

ಹೆಚ್ಚಿನವರು ಮುಟ್ಟದೆ ಬಿಡುವುದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಆಯ್ಕೆ. ಮುಳುಗುವ ಸೂರ್ಯನ ಕೆಂಪು ನೀರಿನ ಮೇಲೆ ಹರಡಿದೆ ಎನ್ನಿ. ಆಟೊದಲ್ಲಿರುವ ಕ್ಯಾಮೆರಾ ಆ ಕೆಂಪನ್ನೇ ದೋಷವೆಂದು ಬಗೆದು ತಣ್ಣಗಾಗಿಸಿಬಿಡಬಹುದು. ಕಣ್ಣೆದುರಿನ ಸಂಜೆ ಚಿತ್ರದಲ್ಲಿ ಪೇಲವವಾಗುತ್ತದೆ. ಡೇಲೈಟ್‌ಗೆ, ಅಂದರೆ ಸುಮಾರು 5200ರಿಂದ 5500 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ), ನಿಲ್ಲಿಸಿ ನೋಡಿ, ಕೆಂಪು ಮರಳುತ್ತದೆ. ಇನ್ನಷ್ಟು ಬೆಚ್ಚಗೆ ಬೇಕಿದ್ದರೆ 7000ದ ಆಸುಪಾಸಿನ ಶೇಡ್. ಹಳದಿ ಬಲ್ಬಿನ ಕೋಣೆಗೆ ಹೋದಾಗ ಆಟೊಗೆ ಮರಳಿದರಾಯಿತು.

ಅಲೆದಾಡುವಾಗ ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿಯ ಗಾತ್ರ ನಾವು ಆರಿಸುತ್ತೇವೆ, ಶಟರ್ ವೇಗವನ್ನು ಕ್ಯಾಮೆರಾ ಆರಿಸುತ್ತದೆ) ಮತ್ತು ಆಟೊ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟವನ್ನು ಕ್ಯಾಮೆರಾವೇ ಹೊಂದಿಸುವುದು) ಜೋಡಿ ನನಗೆ ಹಿಡಿಸಿದೆ. ಐಎಸ್‌ಒ ಮೇಲ್ಮಿತಿ 6400, ಕನಿಷ್ಠ ಶಟರ್ ವೇಗ ಸೆಕೆಂಡಿನ 1/250. ಕ್ಯಾಮೆರಾದ ಸ್ಟೆಬಿಲೈಸೇಶನ್ ನಮ್ಮ ಕೈನಡುಕವನ್ನು ತಡೆದೀತೇ ಹೊರತು ಓಡುವ ಮಗುವನ್ನು ನಿಲ್ಲಿಸಲಾರದು. ಆ ಕೆಲಸ ಶಟರ್ ವೇಗದ್ದು.

ಅತಿಯಾಗಿ ಬೆಳಗಿದ ಭಾಗಗಳ ಮೇಲೆ ಮೂಡಿ ಎಚ್ಚರಿಸುವ ಜೀಬ್ರಾ ಗೆರೆಗಳಿದ್ದರೆ ಚಾಲೂ ಮಾಡಿ. ಮೋಡಗಳ ಮೇಲೆ ಗೆರೆ ಓಡತೊಡಗಿದರೆ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಇಡೀ ಚಿತ್ರದ ಬೆಳಕು ಏರಿಳಿಸುವ ಆಯ್ಕೆ) ಅನ್ನು −0.7ಕ್ಕೆ ಇಳಿಸಿ, ಹಿಮ ಅಥವಾ ಬಿಳಿಗೋಡೆ ಬೂದಾಗಿ ಕಂಡರೆ +1ಕ್ಕೆ ಏರಿಸಿ. ಮರಳಿ ಸೊನ್ನೆಗೆ ತರುವುದನ್ನು ಮರೆಯಬೇಡಿ. ಒಮ್ಮೆ ಮರೆತು ಇಡೀ ಬೆಳಗಿನ ಚಿತ್ರಗಳನ್ನು ಮಂಕಾಗಿ ತೆಗೆದುಕೊಂಡು ಬಂದವನು ನಾನು.

ಇಷ್ಟನ್ನೂ ಕಸ್ಟಮ್ ಸ್ಥಾನಗಳಲ್ಲಿ (ನಮ್ಮ ಆಯ್ಕೆಗಳನ್ನು ಒಟ್ಟಿಗೆ ಕಾಪಿಡುವ ಜಾಗಗಳು) ಉಳಿಸಿಡಿ: ಸಿ1 ನಿಸರ್ಗಕ್ಕೆ, ಸಿ2 ಜನರಿಗೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಅನ್ನು ಮಾತ್ರ ಇವುಗಳಲ್ಲಿ ಸೇರಿಸಬೇಡಿ. ಕೆಲವು ಎಲ್‌ಇಡಿ ದೀಪಗಳಡಿ ಅದು ಚಿತ್ರದುದ್ದಕ್ಕೂ ಪಟ್ಟೆ ಮೂಡಿಸುತ್ತದೆ.

ಬಣ್ಣ ಕೈಕೊಟ್ಟ ಚಿತ್ರಗಳಿಗೆ ಮರಳುವ ರೈಲಿನಲ್ಲೇ ಮದ್ದು ಮಾಡಬಹುದು. ಹಲವು ಕ್ಯಾಮೆರಾಗಳಲ್ಲಿ ರಾ ಕಡತವನ್ನು ಒಳಗೇ ಸಂಸ್ಕರಿಸುವ ಆಯ್ಕೆ ಇರುತ್ತದೆ. ಶೈಲಿ, ವೈಟ್ ಬ್ಯಾಲೆನ್ಸ್ ಬದಲಿಸಿ ಒಪ್ಪಿದರೆ ಹೊಸ ಜೆಪೆಗ್ ಬೇರೆಯಾಗಿ ಉಳಿಯುತ್ತದೆ, ಮೂಲ ಹಾಗೆಯೇ ಇರುತ್ತದೆ.