ಕ್ರಾಪ್ ಸರ್ಕಲ್‌ನ ಮಾಯನ್ ಲೆಕ್ಕದಲ್ಲಿ ಓದೋದು ಹೇಗೆ

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಇಂಗ್ಲೆಂಡಿನ ಗೋಧಿ ಹೊಲದಲ್ಲಿ ಪೈರು ಬಗ್ಗಿಸಿ ಮಾಡಿರೋ ದೊಡ್ಡ ದೊಡ್ಡ ಚಿತ್ರಗಳೇ ಕ್ರಾಪ್ ಸರ್ಕಲ್, ಇವು ಆಕಾಶದವರು ಬರೆದ ಮಾಯನ್ ಸಂದೇಶ ಅಂತ ಕೆಲವರು ಹೇಳ್ತಾರೆ, ಆದ್ರೆ ಇವನ್ನ ಮನುಷ್ಯರೇ ಮಾಡೋದು. ಡಗ್ ಬೋವರ್, ಡೇವ್ ಚೋರ್ಲಿ ಅನ್ನೋ ಇಬ್ರು 1991ರಲ್ಲಿ ಹಲಗೆ, ಹಗ್ಗ ಹಿಡ್ಕೊಂಡು ಪೈರು ಬಗ್ಗಿಸಿ ತೋರಿಸಿದ್ರು. ಅದಕ್ಕೇ ನಾವು ಕೇಳ್ಬೇಕಾದ್ದು ಆಕಾಶದವರು ಏನ್ ಹೇಳಿದ್ರು ಅಂತಲ್ಲ, ಮಾಡಿದವರು ಯಾವ ಲೆಕ್ಕ ಇಟ್ಟಿದ್ದಾರೆ ಅಂತ, ಅದೂ ನಮ್ಮನೆ ಮುಂದಿನ ಚುಕ್ಕಿ ರಂಗೋಲಿ ಓದೋ ಹಾಗೇನೇ, ಮೊದಲು ಚುಕ್ಕಿ ಎಣಿಸ್ಬೇಕು, ಅರ್ಥ ಆಮೇಲೆ.

ಒಂದು ಉದಾಹರಣೆ ಹಿಡ್ಕೊಳ್ಳೋಣ. ವಿಲ್ಟ್‌ಶೈರ್‌ನ ಮಿಲ್ಕ್ ಹಿಲ್, 2001ರ ಆಗಸ್ಟ್ 12, ಆರು ತೋಳಿನ ಸುರುಳಿ, ಒಟ್ಟು 409 ವೃತ್ತ.

ದಿನಾಂಕದಿಂದ ಶುರು ಮಾಡಿ. ಮಾಯನ್ನರು ಅಂದ್ರೆ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಪ್ರಾಚೀನ ಜನ, ಅವರ 260 ದಿನದ ಎಣಿಕೆಯಲ್ಲಿ 1ರಿಂದ 13ರವರೆಗಿನ ಸಂಖ್ಯೆ, 20 ದಿನದ ಹೆಸರು, ಎರಡೂ ಜೊತೆಜೊತೆಗೆ ತಿರುಗ್ತವೆ. ಹೆಚ್ಚಿನ ವಿದ್ವಾಂಸರು ಒಪ್ಪೋ ಲೆಕ್ಕದಲ್ಲಿ 2012ರ ಡಿಸೆಂಬರ್ 21 ಅಂದ್ರೆ 4 ಅಹಾವ್ (ಸಂಖ್ಯೆ 4, ಅಹಾವ್ ಅನ್ನೋದು 20 ಹೆಸರಲ್ಲಿ ಕೊನೇದು), ಇದೊಂದನ್ನ ನೆನಪಿಟ್ಕೊಂಡ್ರೆ ಸಾಕು. ಆಗಸ್ಟ್ 12, 2001ರಿಂದ ಅಲ್ಲಿಗೆ 4149 ದಿನ. 13ರಿಂದ ಭಾಗಿಸಿದ್ರೆ ಶೇಷ 2, ನಾಲ್ಕರಲ್ಲಿ ಎರಡು ಕಳೆದ್ರೆ ಎರಡು. 20ರಿಂದ ಭಾಗಿಸಿದ್ರೆ ಶೇಷ 9, ಅಹಾವ್‌ನಿಂದ ಒಂಬತ್ತು ಹೆಸರು ಹಿಂದಕ್ಕೆ ಹೋದ್ರೆ ಚುವೆನ್. ಅಂದ್ರೆ ಆ ದಿನ 2 ಚುವೆನ್. ಇದು ಕೋತಿಯ ದಿನ, ಮಾಯನ್ನರಲ್ಲಿ ಕೋತಿ ಕಲೆಗಾರರ ದೇವತೆ. ಚೆನ್ನಾಗಿ ಕೂತ್ಕೊಳ್ತು ಅಂತ ನನಗೂ ಮೊದಲ ಸಲ ಮೈ ಜುಮ್ಮಂದಿತ್ತು, ಆದ್ರೆ 20 ಹೆಸರಲ್ಲಿ ಯಾವುದು ಬಂದಿದ್ರೂ ನಾವು ಏನಾದ್ರೂ ಒಂದು ಹೊಂದಿಸ್ತಿದ್ವಿ, ಅದಕ್ಕೇ ಇದನ್ನ ಪುಸ್ತಕದಲ್ಲಿ ಬರೆದಿಟ್ಟು ಮುಂದೆ ಹೋಗಿ, ತೀರ್ಪು ಕೊಡ್ಬೇಡಿ.

ಆಮೇಲೆ ಚಂದ್ರ. ಮಾಯನ್ನರು ಕಲ್ಲಲ್ಲಿ ಕೆತ್ತುವಾಗ ಆ ದಿನ ಚಂದ್ರನಿಗೆ ಎಷ್ಟು ದಿನ ಆಯ್ತು, ಈ ತಿಂಗಳು 29 ದಿನದ್ದೋ 30 ದಿನದ್ದೋ, ಆರು ತಿಂಗಳ ಗುಂಪಲ್ಲಿ ಇದು ಎಷ್ಟನೇದು ಅಂತೆಲ್ಲ ಬರೀತಿದ್ರು. ಪಂಚಾಂಗ ನೋಡೋಕೆ ಬರೋರಿಗೆ ಇದು ಸುಲಭ, ಯಾಕಂದ್ರೆ ನಮ್ಮ ತಿಥಿ ಕೂಡ ಅದೇ ಚಂದ್ರನದ್ದೇ ಅಲ್ವಾ. ಅವತ್ತು ಶ್ರಾವಣ ಬಹುಳ ಅಷ್ಟಮಿ, ಅಂದ್ರೆ ಕೃಷ್ಣ ಜನ್ಮಾಷ್ಟಮಿ ತಿಥಿ, ಅಮಾವಾಸ್ಯೆ ಕಳೆದು ಸುಮಾರು 22 ದಿನ, ರಾತ್ರಿ ತಡವಾಗಿ ಹುಟ್ಟೋ ಅರ್ಧ ಚಂದ್ರ. ಹೊಲದಲ್ಲಿ ಕೆಲಸ ಮಾಡಿದವರಿಗೆ ಎಷ್ಟು ಬೆಳಕಿತ್ತು ಅನ್ನೋದೂ ಇದರಲ್ಲೇ ಗೊತ್ತಾಗುತ್ತೆ.

ಕೊನೆಗೆ ಎಣಿಕೆ, ಇದೇ ನಿಜವಾದ ಪರೀಕ್ಷೆ. ಮೇಲಿಂದ ತೆಗೆದ ಫೋಟೋ ಪ್ರಿಂಟ್ ಹಾಕಿಸ್ಕೊಂಡು ಪೆನ್ಸಿಲಲ್ಲಿ ಒಂದೊಂದೇ ವೃತ್ತಕ್ಕೆ ಗುರುತು ಹಾಕಿ, ತೋಳು ತೋಳು ಬೇರೆ ಬರೀರಿ, ಎರಡು ಸಲ ಎಣಿಸಿ. 13, 20, 260, 365, ಶುಕ್ರ ಗ್ರಹ ಆಕಾಶದಲ್ಲಿ ಮತ್ತೆ ಅದೇ ಥರ ಕಾಣೋಕೆ ಹಿಡಿಯೋ 584 ದಿನ, ಚಂದ್ರನ ಆರು ತಿಂಗಳ 177 ದಿನ, ಇವು ಬರ್ತಾವಾ ನೋಡಿ. 409 ಅವಿಭಾಜ್ಯ ಸಂಖ್ಯೆ, 13ಕ್ಕೂ ಸಿಗಲ್ಲ 20ಕ್ಕೂ ಸಿಗಲ್ಲ. ಆರು ತೋಳು ಇದೆಯಲ್ಲ, ಆರು ತಿಂಗಳ ಗುಂಪು ಅಲ್ವಾ ಅಂತ ಕೇಳ್ತೀರಿ. ಒಂದು ಗೂಟ ನೆಟ್ಟು ಹಗ್ಗದಲ್ಲಿ ವೃತ್ತ ಎಳೀರಿ, ಅದೇ ಹಗ್ಗದ ಅಳತೆಯನ್ನ ಅಂಚಲ್ಲಿ ಹೆಜ್ಜೆ ಹೆಜ್ಜೆ ಇಟ್ಕೊಂಡು ಹೋಗಿ, ಸರಿಯಾಗಿ ಆರೇ ಸಲಕ್ಕೆ ವಾಪಸ್ ಬರ್ತೀರಿ. ಆ ಆರು ಹಗ್ಗದ್ದು, ಚಂದ್ರನದ್ದಲ್ಲ! ಹಾಗಾಗಿ ಮಿಲ್ಕ್ ಹಿಲ್ ಬಗ್ಗೆ ನನ್ನ ಓದು ಇಷ್ಟೇ, ಅದ್ಭುತ ಜ್ಯಾಮಿತಿ, ಮಾಯನ್ ಲೆಕ್ಕ ಇಲ್ಲ.

ಸಿಲ್ಬರಿ ಹಿಲ್ ಪಕ್ಕ 2004ರ ಆಗಸ್ಟಲ್ಲಿ ಬಂದಿದ್ದಂತೂ ಮಾಯನ್ ಕ್ಯಾಲೆಂಡರ್ ಅಂತಲೇ ಹೆಸರಾಯ್ತು. ಅಂಥದ್ದು ಸಿಕ್ಕಾಗ ಅಂಕಿ ಹುಡುಕಿ, ಚುಕ್ಕಿ ಅಂದ್ರೆ 1, ಗೆರೆ ಅಂದ್ರೆ 5, ಚಿಪ್ಪು ಅಂದ್ರೆ ಸೊನ್ನೆ. ಮಧ್ಯದಲ್ಲಿ ಮುಖ, ಸುತ್ತ ಬಳೆ ಬಳೆ ಇದ್ರೆ ಅದು ಬಹುಶಃ ಮೆಕ್ಸಿಕೋ ಸಿಟಿಯ ಅಜ್ಟೆಕ್ ಸೂರ್ಯಶಿಲೆಯಿಂದ ತಗೊಂಡ ಡಿಸೈನ್, ಅಜ್ಟೆಕ್ಕರು ಬೇರೆ, ಮಾಯನ್ನರು ಬೇರೆ, ದಯವಿಟ್ಟು ಕಲಸ್ಬೇಡಿ. ಗ್ವಾಟೆಮಾಲಾದ ಬೆಟ್ಟದೂರುಗಳಲ್ಲಿ ಮಾಯನ್ನರದ್ದೇ ಒಂದು ಗುಂಪಾದ ಕಿಚೆ ಜನ ಇವತ್ತಿಗೂ ಆ 260 ದಿನ ಎಣಿಸ್ತಾನೇ ಇದ್ದಾರೆ, ಅದು ಅವರ ಹಬ್ಬ ಹರಿದಿನದ ಲೆಕ್ಕ.