ಒಂದು ಟೇಬಲ್, ನಾಲ್ಕು ಥರದ ಆಟ: ಡಿ ಅಂಡ್ ಡಿ ಗುಂಪಿನ ಮನಸ್ತಾಪ ಬಿಡಿಸುವುದು ಹೇಗೆ

ಸೇತುವೆಯ ಆಚೆ ತುದಿಯಲ್ಲಿ ಗಾಬ್ಲಿನ್ ನಾಯಕ ಕೂತಿದ್ದ. ದಾಟಬೇಕಾದರೆ ಸುಂಕ ಕೊಡಬೇಕು. ಇದು ನಡೆದದ್ದು ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ: ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುತ್ತಾ, ಡೈಸ್ ಎಸೆದು ಆಡುವ ಆಟ. ಗಾಬ್ಲಿನ್ ಅಂದರೆ ಅದರಲ್ಲಿ ಬರುವ ಪುಟ್ಟ ರಾಕ್ಷಸ. ಬಾರ್ಡ್, ಅಂದರೆ ಹಾಡುಗಾರ್ತಿಯ ಪಾತ್ರ ಆಡುವ ನನ್ನ ಗೆಳತಿ ಅವನ ಜೊತೆ 40 ನಿಮಿಷದಿಂದ ಚೌಕಾಸಿ ಮಾಡುತ್ತಿದ್ದಳು. ಅವನ ಅಜ್ಜಿಯ ಕಥೆ ಕೇಳಿದಳು. ಅಲ್ಲೇ ಎರಡು ಸಾಲು ಹಾಡು ಕಟ್ಟಿ ಹೇಳಿದಳು. 100 ಚಿನ್ನದ ನಾಣ್ಯ ಇದ್ದ ಸುಂಕ 15ಕ್ಕೆ ಇಳಿದಿತ್ತು. ಆಗ ವಿಝಾರ್ಡ್, ಅಂದರೆ ಮಂತ್ರವಾದಿಯ ಪಾತ್ರ ಆಡುವ ಹುಡುಗ ನನ್ನ ಕಡೆ ತಿರುಗಿ, "ಅಕ್ಕ, ನಾನು ಫೈರ್‌ಬಾಲ್ ಹಾಕ್ತೀನಿ" ಅಂದ. ಅಂದವನೇ ಎಂಟು ಡೈಸ್ ಎಸೆದ. ಒಟ್ಟು 31. ಗಾಬ್ಲಿನ್ ನಾಯಕನಿಗೆ ಇದ್ದಿದ್ದು 21 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಿಂದರೆ ಸತ್ತ; ಅವನ ಕಥೆ ಅಲ್ಲಿಗೆ ಮುಗಿಯಿತು. ಫೈರ್‌ಬಾಲ್ ಬಿದ್ದ ಜಾಗದಿಂದ ಸುತ್ತಲೂ 20 ಅಡಿ ಸುಡುತ್ತದೆ, ಬಾರ್ಡ್ ನಿಂತಿದ್ದು ಅದರೊಳಗೇ. ತಪ್ಪಿಸಿಕೊಳ್ಳುವ ಡೈಸ್ ಗೆದ್ದಿದ್ದರಿಂದ ಅವಳಿಗೆ ಅರ್ಧ, ಅಂದರೆ 15 ಪೆಟ್ಟು ಬಿತ್ತು.

ಗೆಳತಿ ಜಗಳ ಮಾಡಲಿಲ್ಲ. ಪೆನ್ಸಿಲ್ ಕೆಳಗಿಟ್ಟಳು. ಕ್ಯಾರೆಕ್ಟರ್ ಶೀಟನ್ನು ಮಗುಚಿ ಹಾಕಿದಳು. ಆಮೇಲೆ ಒಂಬತ್ತು ಗಂಟೆಯವರೆಗೂ ಫೋನ್ ನೋಡುತ್ತಾ ಕೂತಳು.

ನಿಮ್ಮ ಟೇಬಲ್‌ನಲ್ಲೂ ಹೀಗೆ ಆಗಿದ್ದರೆ ಈ ಬರಹ ನಿಮಗಾಗಿ. ಬನಶಂಕರಿಯ ನಮ್ಮ ಮನೆಯ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ 5ರಿಂದ 9ರವರೆಗೆ ಆಟ ನಡೆಯುತ್ತದೆ. ಡಿಎಂ ನಾನು, ಅಂದರೆ ಕಥೆ ನಡೆಸುವವಳು. ಆಗ ಆಡುತ್ತಿದ್ದವರು ನಾಲ್ಕು ಜನ. ವಿಝಾರ್ಡ್ ನನ್ನ ತಮ್ಮನ ಕಾಲೇಜು ಗೆಳೆಯ, ಬಾರ್ಡ್ ನನ್ನ ಆಫೀಸಿನ ಗೆಳತಿ, ಕ್ಲೆರಿಕ್, ಅಂದರೆ ಪೂಜಾರಿ, ನನ್ನ ತಮ್ಮ. ಫೈಟರ್, ಅಂದರೆ ಯೋಧನ ಪಾತ್ರ ಆಡುತ್ತಿದ್ದವರು ನಮ್ಮ ಮೇಲಿನ ಮನೆಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಚೆಸ್ ಟೂರ್ನಮೆಂಟ್ ಆಡಿದವರು.

ಮೊದಲು ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಿ. ಇಲ್ಲಿ ಕೆಟ್ಟ ಆಟಗಾರರು ಅಂತ ಯಾರೂ ಇಲ್ಲ. ಈ ಆಟ ಹುಟ್ಟಿದ್ದೇ ಎರಡು ರುಚಿ ಸೇರಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಿ ಅಂಡ್ ಡಿ ಹೊರತಂದಾಗ ಅದರ ಬೇರು ಇದ್ದದ್ದು ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟದಲ್ಲಿ. ಇಡೀ ಸೈನ್ಯದ ಬದಲು ಒಬ್ಬೊಬ್ಬರು ಒಂದೊಂದೇ ಪಾತ್ರ ಹಿಡಿದರು. ಯುದ್ಧದ ಲೆಕ್ಕವೂ ಉಳಿಯಿತು, ಪಾತ್ರದ ಮಾತೂ ಬಂತು. ಹಾಗಾಗಿ ಈ ತಿಕ್ಕಾಟ ಹಳೆಯದು. 1980ರಲ್ಲೇ ಗ್ಲೆನ್ ಬ್ಲಾಕೋ ಅನ್ನುವವರು ಒಂದು ಲೇಖನದಲ್ಲಿ ಆಟಗಾರರಲ್ಲಿ ನಾಲ್ಕು ಒಲವು ಗುರುತಿಸಿದ್ದರು: ಬಲ ಬೆಳೆಸಿಕೊಳ್ಳುವುದು, ಪಾತ್ರವಾಗುವುದು, ಯುದ್ಧತಂತ್ರ, ಕಥೆ. ನಮ್ಮ ಟೇಬಲ್‌ನಲ್ಲಿ ನಾಲ್ಕೂ ಇದ್ದವು. ಒಬ್ಬರಲ್ಲಿ ಒಂದೇ ಅಂತೇನಿಲ್ಲ. ಬೆಳಗ್ಗೆಯಿಂದ ಆಫೀಸಿನಲ್ಲಿ ಮಾತಾಡಿ ಸುಸ್ತಾಗಿ ಬಂದ ದಿನ ನನ್ನ ಗೆಳತಿಗೂ ನಾಲ್ಕು ಗಾಬ್ಲಿನ್ ಹೊಡೆದರೆ ಸಾಕು ಅನಿಸುತ್ತದೆ.

ಆಟದೊಳಗೆ ಶಿಕ್ಷೆ ಕೊಡಬೇಡಿ

ಫೈರ್‌ಬಾಲ್ ಆದ ಮುಂದಿನ ವಾರ ನಾನು ಒಂದು ತಪ್ಪು ಮಾಡಿದೆ. ಊರಿನ ಕಾವಲುಗಾರರು ಬಂದು ವಿಝಾರ್ಡನ್ನು ಹಿಡಿದು ಜೈಲಿಗೆ ಹಾಕಿದರು. ಕಥೆಗೆ ಅದು ಸರಿಯೇ ಇತ್ತು. ಆದರೆ ಆ ಹುಡುಗನಿಗೆ ಅರ್ಥವಾಗಿದ್ದು ಬೇರೆ: ಅಕ್ಕನಿಗೆ ನನ್ನ ಮೇಲೆ ಕೋಪ, ಅದನ್ನು ನೇರವಾಗಿ ಹೇಳುತ್ತಿಲ್ಲ. ಅವನು ಜೈಲಿನಲ್ಲಿ ಸುಮ್ನೆ ಕೂತ, ನಾವು ಮೂರು ಗಂಟೆ ಆಡಿದೆವು. ಎಲ್ಲರೂ ಹೊರಟ ಮೇಲೆ ಅವನು ಕುಡಿಯದೇ ಬಿಟ್ಟ ಕಾಫಿ ಲೋಟ ತೊಳೆಯುವಾಗ ನನಗೆ ತುಂಬ ಬೇಜಾರಾಯಿತು.

ಮನುಷ್ಯರ ನಡುವಿನ ಅಸಮಾಧಾನವನ್ನು ಪಾತ್ರಗಳ ಕೈಯಲ್ಲಿ ತೀರಿಸಲು ಹೋಗಬೇಡಿ. ಡ್ರ್ಯಾಗನ್ ಕಳಿಸಬೇಡಿ, ಮಂತ್ರದ ಪುಸ್ತಕ ಕಳುವು ಮಾಡಿಸಬೇಡಿ. ಆಟದ ಹೊರಗೆ ಹುಟ್ಟಿದ ಬೇಸರಕ್ಕೆ ಆಟದ ಹೊರಗೇ ಮಾತಾಡಬೇಕು. ಮಾತಾಡುವ ಮೊದಲು ಮಾತ್ರ ಒಂದು ಕೆಲಸ ಇದೆ.

ಗಡಿಯಾರ ನೋಡಿ ಬರೆದಿಡಿ

ಮೂರು ಸೆಷನ್ ಏನನ್ನೂ ಬದಲಾಯಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಒಂದು ಕಾಲಂ, ಡಿಎಂಗೂ ಒಂದು. ಯಾರ ಸರದಿ ಎಷ್ಟು ಹೊತ್ತು ನಡೆಯಿತು ಅಂತ ಅಂದಾಜಿಗೆ ನಿಮಿಷ ಬರೆಯಿರಿ. ಯಾರು ಯಾವಾಗ ಫೋನ್ ತೆಗೆದರು, ಯಾರು ಯಾವಾಗ ಕುರ್ಚಿಯಲ್ಲಿ ಮುಂದೆ ಬಾಗಿದರು ಅನ್ನುವುದನ್ನೂ ಗುರುತು ಹಾಕಿ.

ವಿಝಾರ್ಡ್ ಅವಸರದವನು, ಬಾರ್ಡ್ ಮಾತು ಜಾಸ್ತಿ, ತೊಂದರೆ ಅವರಿಬ್ಬರದೇ ಅಂತ ನಾನು ಅಂದುಕೊಂಡಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ತಿಂಡಿಯ ಹೊತ್ತು ಕಳೆದರೆ ನಮ್ಮ ಆಟ 210 ನಿಮಿಷ. ಅದರಲ್ಲಿ ಒಂದು ದಿನ ನಾನೇ 75 ನಿಮಿಷ ಮಾತಾಡಿದ್ದೆ. ಫೈಟರ್ ಆಡುವವರು 48. ಬಾರ್ಡ್ 24, ವಿಝಾರ್ಡ್ 19, ನನ್ನ ತಮ್ಮ 12. ಯುದ್ಧ ಬಂದಾಗ ಮೇಲಿನ ಮನೆಯವರು ನಕ್ಷೆಯ ಮೇಲಿನ ಚೌಕ ಎಣಿಸಿ, ನಿಯಮ ತೆಗೆದು ನೋಡಿ, ಹಿಂದೆ ಸರಿದು ಮತ್ತೆ ಎಣಿಸುತ್ತಿದ್ದರು. ಒಂದೊಂದು ಸರದಿಗೆ ನಾಲ್ಕೈದು ನಿಮಿಷ. ಅವರಿಗೆ ಅದೇ ಆಟದ ಸುಖ. ಆದರೆ ಬಾರ್ಡ್, ವಿಝಾರ್ಡ್ ಇಬ್ಬರೂ ತಮ್ಮ ಸರದಿಗಾಗಿ ಹಸಿದುಕೊಂಡು ಕೂತಿದ್ದರು. ಹಸಿದವರೇ ಒಬ್ಬರ ಮೇಲೊಬ್ಬರು ಸಿಡುಕುತ್ತಿದ್ದರು.

ಶೈಲಿಯ ಜಗಳ ಅಂತ ಕಾಣುವುದು ಬಹಳ ಸಲ ಸಮಯದ ಜಗಳ ಆಗಿರುತ್ತದೆ. ಅದಕ್ಕೇ ಈ ಲೆಕ್ಕ ಬೇಕು ಅನ್ನುವುದು.

ಒಬ್ಬೊಬ್ಬರನ್ನೇ ಕೇಳಿ

ಎಲ್ಲರ ಎದುರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ದೊಡ್ಡವರಿದ್ದರಂತೂ ಚಿಕ್ಕವರು "ಎಲ್ಲ ಚೆನ್ನಾಗಿದೆ ಅಕ್ಕ" ಅಂದುಬಿಡುತ್ತಾರೆ. ಬೇರೆ ಬೇರೆಯಾಗಿ ಸಿಗಿ. ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದು ಹೋಗಿ, ಸಾಕು.

"ನಿನಗೆ ಎಂಥ ಆಟ ಇಷ್ಟ?" ಅಂತ ಕೇಳಬೇಡಿ. ಬರುವ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ನಾನು ಕೇಳಿದ್ದು ಎರಡೇ ಪ್ರಶ್ನೆ. ಕಳೆದ ವಾರ ಮನೆಗೆ ಹೋಗುವಾಗ ದಾರಿಯಲ್ಲಿ ಯಾವುದು ನೆನಪಾಯಿತು? ಯಾವಾಗ ಗಡಿಯಾರ ನೋಡಿದೆ?

ವಿಝಾರ್ಡ್ ಹುಡುಗ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಕ್ಕ, ನಾನು ಕಾಲ್ ಸೆಂಟರ್‌ನಲ್ಲಿ ಇಡೀ ದಿನ ಸ್ಕ್ರಿಪ್ಟ್ ಓದ್ತೀನಿ. ನನ್ನಿಂದ ಏನೂ ಬದಲಾಗಲ್ಲ. ಇಲ್ಲಾದ್ರೂ ನಾನು ಮಾಡಿದ್ದಕ್ಕೆ ಏನಾದ್ರೂ ಆಗ್ಬೇಕು ಅನ್ಸುತ್ತೆ. ಅವತ್ತು ಸೇತುವೆ ಹತ್ರ 40 ನಿಮಿಷ ನಂಗೆ ಮಾಡೋಕೆ ಏನೂ ಇರ್ಲಿಲ್ಲ." ಗೆಳತಿ ಹೇಳಿದ್ದು: "ಅವನು ಗಾಬ್ಲಿನ್ ಕೊಂದಿದ್ದಕ್ಕೆ ಬೇಜಾರಿಲ್ಲ ಕಣೇ. ನನ್ನನ್ನ ಒಂದು ಮಾತು ಕೇಳ್ಬೋದಿತ್ತು ಅಲ್ವಾ?"

ಎರಡೂ ನ್ಯಾಯವಾದ ಮಾತು. ಒಂದಕ್ಕೊಂದು ವಿರುದ್ಧವೂ ಅಲ್ಲ. ಇದು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿದಂತೆ.

ಡೈಸ್ ಎಸೆಯುವ ಮೊದಲು "ತಡಿ"

ಆಮೇಲೆ ಎಲ್ಲರೂ ಒಟ್ಟಿಗೆ ಕೂರಿ. ಆಟ ಶುರುವಾಗುವ ಮೊದಲು ನಡೆಸುವ ಮಾತುಕತೆಗೆ ಸೆಷನ್ ಝೀರೋ ಅನ್ನುತ್ತಾರೆ. ಅದನ್ನು ಮಧ್ಯದಲ್ಲಿ ಮತ್ತೊಮ್ಮೆ ಮಾಡಬಾರದು ಅಂತೇನಿಲ್ಲ. ಅವತ್ತು ಡೈಸ್ ತೆಗೆಯಬೇಡಿ. ನಾವು ಮಂಡಕ್ಕಿ ಕಲಸಿಕೊಂಡು ಒಂದು ಗಂಟೆ ಮಾತಾಡಿದೆವು, ಒಂದೇ ಒಂದು ನಿಯಮ ಮಾಡಿಕೊಂಡೆವು. ಬೇರೆಯವರು ನಡೆಸುತ್ತಿರುವ ವಿಷಯವನ್ನು ಮುಗಿಸಿಬಿಡುವಂಥ ಕೆಲಸ, ಇಲ್ಲವೇ ಬೇರೆಯವರ ಪಾತ್ರಕ್ಕೆ ಪೆಟ್ಟಾಗುವಂಥ ಕೆಲಸ ಮಾಡುವ ಮೊದಲು ಆ ಪಾತ್ರ ಆಡುವವರ ಮುಖ ನೋಡಿ ಕೇಳಬೇಕು. ಅವರು "ತಡಿ" ಅಂದರೆ ತಡೆಯಬೇಕು. ಎಷ್ಟು ಹೊತ್ತು ಅಂತ ಅವರೇ ಹೇಳಬೇಕು: "ಇನ್ನೈದು ನಿಮಿಷ ಕೊಡು."

ಕೇಳುವುದು ಪಾತ್ರವಲ್ಲ, ಮನುಷ್ಯ. "ನನ್ನ ವಿಝಾರ್ಡ್ ಇರೋದೇ ಹಾಗೆ" ಅನ್ನುವ ಮಾತನ್ನು ನಮ್ಮಲ್ಲಿ ಈಗ ಒಪ್ಪುವುದಿಲ್ಲ. ಪಾತ್ರ ಬರೆದವನು ಅವನೇ, ಹಾಗಿರಬೇಕು ಅಂತ ತೀರ್ಮಾನ ಮಾಡಿದವನೂ ಅವನೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶೈಲಿ ಹೊಂದದಿರುವುದು ಬೇರೆ, ಆಟದಲ್ಲಿ ಬಂದ ಸಂಗತಿಯಿಂದ ಒಬ್ಬರಿಗೆ ನಿಜವಾಗಿ ಸಂಕಟವಾಗುವುದು ಬೇರೆ. ಅದಕ್ಕೆ ಜಾನ್ ಸ್ಟಾವ್ರೊಪೊಲೊಸ್ ಮಾಡಿದ ಎಕ್ಸ್ ಕಾರ್ಡ್ ಇದೆ. ಟೇಬಲ್ ಮಧ್ಯೆ ಎಕ್ಸ್ ಬರೆದ ಒಂದು ಚೀಟಿ. ಯಾರು ಮುಟ್ಟಿದರೂ ಆ ಸಂಗತಿ ಅಲ್ಲಿಗೆ ಬಿಟ್ಟೆವು, ಕಾರಣ ಕೇಳುವಂತಿಲ್ಲ. ಅಲ್ಲಿ ಐದು ನಿಮಿಷದ ಚೌಕಾಸಿ ಇಲ್ಲ.

ಒಂದು ದೃಶ್ಯಕ್ಕೆ ಎರಡು ಕೆಲಸ

ಇಲ್ಲಿಂದ ಮುಂದಿನದು ಡಿಎಂ ತಯಾರಿ. ನನಗೆ ಬಹಳ ಇಷ್ಟದ ಭಾಗ.

ಸೇತುವೆಯ ದೃಶ್ಯವನ್ನು ಇವತ್ತು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಬಾರ್ಡ್ ಚೌಕಾಸಿ ಮಾಡುತ್ತಿರುವಾಗ ಸೇತುವೆಯ ಕೆಳಗೆ ಹಗ್ಗ ಕುಯ್ಯುವ ಸದ್ದು ವಿಝಾರ್ಡ್‌ಗೆ ಮಾತ್ರ ಕೇಳುತ್ತದೆ. ಇಬ್ಬರು ಗಾಬ್ಲಿನ್‌ಗಳು ತಮ್ಮ ನಾಯಕನನ್ನೇ ಬೀಳಿಸಲು ಹೊರಟಿದ್ದಾರೆ. ಮೇಲೆ ಮಾತು ನಿಂತರೆ ಅವರು ಎಚ್ಚರವಾಗುತ್ತಾರೆ. ಈಗ ವಿಝಾರ್ಡ್ ಕೆಳಗೆ ಇಳಿದು ಏನಾದರೂ ಮಾಡಬಹುದು, ಅದಕ್ಕೆ ಬಾರ್ಡ್ ಮಾತು ಮುಂದುವರಿಯಲೇಬೇಕು. ಒಬ್ಬರ ಆಟ ಇನ್ನೊಬ್ಬರ ಆಟಕ್ಕೆ ಆಸರೆ. ನಾನು ಮೂರು ಮೂರು ನಿಮಿಷಕ್ಕೆ ಮೇಲೆ ಕೆಳಗೆ ಓಡಾಡುತ್ತೇನೆ.

ಎಲ್ಲಿ ತುಂಡು ಮಾಡಬೇಕು ಅನ್ನುವುದನ್ನು ನಾನು ಕಲಿತಿದ್ದು ತಾಳಮದ್ದಳೆಯಿಂದ. ನಮ್ಮೂರು ಹೊನ್ನಾವರದ ಕಡೆ. ಅಜ್ಜನ ಜೊತೆ ರಾತ್ರಿಯೆಲ್ಲ ಕೂತು ಕೇಳಿದ್ದೇನೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಒಬ್ಬರಿಗೆ ವಾದ ಗೆಲ್ಲುವ ಹುರುಪು, ಇನ್ನೊಬ್ಬರಿಗೆ ಕರುಣರಸ. ಇಬ್ಬರೂ ಒಂದೇ ಪ್ರಸಂಗದಲ್ಲಿ ಎದುರಾಗುತ್ತಾರೆ. ಮಾತು ಜಗ್ಗಿತು ಅನಿಸಿದಾಗ ಭಾಗವತರು ಯಾರನ್ನೂ ಗದರುವುದಿಲ್ಲ, ಮುಂದಿನ ಪದ್ಯ ಎತ್ತುತ್ತಾರೆ. ಡಿಎಂ ಕೆಲಸವೂ ಅದೇ. ಚೌಕಾಸಿ ಬಿಸಿಯಾಗಿರುವಾಗಲೇ "ಇಲ್ಲಿಗೆ ನಿಲ್ಲಿಸೋಣ, ಕೆಳಗೆ ಏನಾಗ್ತಿದೆ ನೋಡೋಣ" ಅಂದರೆ ಗೆಳತಿಗೂ ತನ್ನ ಮುಂದಿನ ಮಾತು ಯೋಚಿಸಲು ಹೊತ್ತು ಸಿಗುತ್ತದೆ.

ಯುದ್ಧಕ್ಕೆ ನಾವು ಮಾಡಿದ್ದು: ಪ್ರತಿ ಸರದಿಯಲ್ಲೂ ಮುಂದಿನವರ ಹೆಸರನ್ನು ಮೊದಲೇ ಕೂಗಿ ಹೇಳುವುದು, ಒಂದು ನಿಮಿಷದ ಮರಳು ಗಡಿಯಾರ ಇಡುವುದು. ಮೇಲಿನ ಮನೆಯವರಿಗೆ ನಕ್ಷೆಯನ್ನು ಶುಕ್ರವಾರವೇ ಕಳಿಸತೊಡಗಿದೆ. ಅವರು ರಾತ್ರಿ ಕೂತು ಚೌಕ ಎಣಿಸಿಕೊಂಡು ಬರುತ್ತಿದ್ದರು. 48 ನಿಮಿಷ ಇದ್ದದ್ದು 30ರ ಹತ್ತಿರ ಬಂತು.

ಬಹುಮಾನದ ಲೆಕ್ಕವನ್ನೂ ನೋಡಿಕೊಳ್ಳಿ. ಪಾತ್ರ ಮುಂದಿನ ಹಂತಕ್ಕೆ, ಅಂದರೆ ಮುಂದಿನ ಲೆವೆಲ್‌ಗೆ ಏರಲು ಬೇಕಾದ ಅನುಭವದ ಅಂಕಕ್ಕೆ ಎಕ್ಸ್‌ಪಿ ಅನ್ನುತ್ತಾರೆ. ನಾನು ಕೊಂದದ್ದಕ್ಕೆ ಮಾತ್ರ ಎಕ್ಸ್‌ಪಿ ಕೊಡುತ್ತಿದ್ದೆ. 2014ರ ನಿಯಮದಲ್ಲಿ ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ. ಎರಡನೇ ಲೆವೆಲ್‌ಗೆ ಒಬ್ಬರಿಗೆ 300 ಬೇಕು. ನಾಲ್ಕು ಜನ ಏರಬೇಕಾದರೆ 24 ಗಾಬ್ಲಿನ್ ಸಾಯಬೇಕು. ಇಂಥ ಲೆಕ್ಕ ಇಟ್ಟುಕೊಂಡು ಹುಡುಗ ಫೈರ್‌ಬಾಲ್ ಹಾಕಿದ ಅಂತ ಬೈದರೆ ಹೇಗೆ? ಈಗ ಕಥೆಯ ಒಂದು ಘಟ್ಟ ಮುಗಿದಾಗ ಎಲ್ಲರಿಗೂ ಒಟ್ಟಿಗೆ ಲೆವೆಲ್ ಏರಿಸುತ್ತೇನೆ. ಮಾತಿನಿಂದ ದಾಟಿದರೂ ಸರಿ, ಕತ್ತಿಯಿಂದ ದಾಟಿದರೂ ಸರಿ.

ಸುಮ್ಮನೆ ಕೂರುವವರನ್ನು ಎಳೆದಾಡಬೇಡಿ. ನನ್ನ ತಮ್ಮನಿಗೆ 12 ನಿಮಿಷ ಸಾಕು. ಕಡಿಮೆಯಾಯಿತಾ ಅಂತ ಕೇಳಿದೆ. "ಇಲ್ಲ ಅಕ್ಕ, ನಂಗೆ ನೀವೆಲ್ಲ ಆಡೋದು ನೋಡೋಕೇ ಇಷ್ಟ" ಅಂದ. ನಂಬಿದೆ.

ಕೊನೆಗೂ ಹೊಂದದಿದ್ದರೆ

ಕೆಲವು ಸಲ ಹೊಂದುವುದಿಲ್ಲ. ಮರಳು ಗಡಿಯಾರ ಇಟ್ಟ ಎರಡು ತಿಂಗಳ ಮೇಲೆ ಮೇಲಿನ ಮನೆಯವರ ಮುಖದಲ್ಲಿ ಹಳೆಯ ಖುಷಿ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಮೂರು ಗಂಟೆಯ ಒಂದು ಯುದ್ಧ. ಅದನ್ನು ನಾವು ಕೊಡಲಾರೆವು. ಅವರ ಮನೆಗೇ ಹೋಗಿ ಹೇಳಿದೆ. ಇಂಥ ಮಾತನ್ನು ಮೆಸೇಜಿನಲ್ಲಿ ಕಳಿಸಬೇಡಿ, ಆಟದ ದಿನ ಎಲ್ಲರೆದುರು ಹೇಳಬೇಡಿ. ಅವರ ಆಟ ತಪ್ಪು ಅನ್ನಬೇಡಿ. "ನಿಮಗೆ ಬೇಕಾದ ಆಟ ನಮ್ಮ ಟೇಬಲ್‌ನಲ್ಲಿ ಸಿಗ್ತಿಲ್ಲ ಅನಿಸ್ತಿದೆ, ನಿಮಗೂ ಹಾಗೇ ಅನಿಸ್ತಿದೆಯಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದಮ್ಮ" ಅಂದರು. ಈಗ ತಿಂಗಳಿಗೊಂದು ಭಾನುವಾರ ಅವರು, ವಿಝಾರ್ಡ್ ಹುಡುಗ ಇಬ್ಬರೂ ಕೂತು ಬರೀ ಯುದ್ಧದ ಬೋರ್ಡ್ ಆಟ ಆಡುತ್ತಾರೆ.

ಹೋಗುವವರ ಪಾತ್ರವನ್ನು ಸಾಯಿಸಬೇಡಿ. ಏನಾಗಬೇಕು ಅಂತ ಅವರನ್ನೇ ಕೇಳಿ. ಅವರು ಒಂದು ದಿನ ಯೋಚಿಸಿ ಹೇಳಿದರು: ಫೈಟರ್ ಆ ಸೇತುವೆಯಲ್ಲೇ ಉಳಿಯಲಿ, ಗಾಬ್ಲಿನ್ ನಾಯಕ ಕೂರುತ್ತಿದ್ದ ಜಾಗದಲ್ಲಿ. ಈಗಲೂ ನಮ್ಮ ಗುಂಪು ಆ ದಾರಿಯಲ್ಲಿ ಹೋದಾಗಲೆಲ್ಲ ಬಾರ್ಡ್ ಅವನಿಗೆ ಹದಿನೈದು ನಾಣ್ಯ ಎಣಿಸಿ ಕೊಡುತ್ತಾಳೆ.